ಬಸ್ ಹತ್ತದ 381 ದಿನಗಳು: ಅಮೆರಿಕದ ಒಂದು ಚಳವಳಿ ಗೆದ್ದದ್ದು ಹೇಗೆ?

2025ರ ಜನವರಿಯಿಂದ ಈಚೆಗೆ ಕನ್ನಡದ ಎಷ್ಟೋ ಮನೆಗಳಲ್ಲಿ ‘14ನೇ ತಿದ್ದುಪಡಿ’ ಎಂಬ ಮಾತು ಕೇಳಿಬರುತ್ತಿದೆ. ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿರುವ ಮಗಳಿಗೋ ಸೊಸೆಗೋ ಅಲ್ಲಿ ಮಗು ಹುಟ್ಟಿದರೆ ಅದಕ್ಕೆ ಅಲ್ಲಿನ ಪೌರತ್ವ ಸಿಗುತ್ತದೆಯೇ ಎಂಬ ಚಿಂತೆ ಅದು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಅಲ್ಲಿನ ಪೌರರೋ ಗ್ರೀನ್ ಕಾರ್ಡ್ ಇರುವವರೋ ಆಗಿರಬೇಕು ಎಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು. ಕೆಳಗಿನ ಕೋರ್ಟುಗಳು ಅದಕ್ಕೆ ತಡೆ ಕೊಟ್ಟವು. ಎರಡೂ ಕಡೆಯ ವಾದ ನಿಂತಿರುವುದು ಸಂವಿಧಾನದ 14ನೇ ತಿದ್ದುಪಡಿಯ ಮೇಲೆ.

ಆ ತಿದ್ದುಪಡಿ ಬಂದದ್ದು 1868ರಲ್ಲಿ. ಆಗ ಅದನ್ನು ಬರೆದವರ ಕಣ್ಣ ಮುಂದೆ ಇದ್ದವರು ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನ. ಆದರೆ ಅವರ ಪಾಲಿಗೇ ಅದು ಸುಮಾರು 90 ವರ್ಷ ಬರೀ ಕಾಗದದ ಮಾತಾಗಿ ಉಳಿಯಿತು. ಅದಕ್ಕೆ ಜೀವ ಬಂದದ್ದು ಹಲವು ಹೋರಾಟಗಳಿಂದ. ಅವುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ನೋಡೋಣ. ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್ಗೊಮರಿಯಲ್ಲಿ 1955ರಿಂದ 56ರವರೆಗೆ ನಡೆದ ಬಸ್ ಬಹಿಷ್ಕಾರ ಅದು. ಅಮೆರಿಕದಲ್ಲಿ ಚಳವಳಿಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಅದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ಕಾಗದದಲ್ಲಿ ಸಮಾನ

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಗುಲಾಮಗಿರಿ ಬೇಕೆಂದು ದೇಶದಿಂದ ಹೊರಬಿದ್ದಿದ್ದ ದಕ್ಷಿಣದ ರಾಜ್ಯಗಳು ಸೋತವು. ಆಮೇಲೆ ಐದೇ ವರ್ಷಗಳಲ್ಲಿ ಸಂವಿಧಾನಕ್ಕೆ ಮೂರು ತಿದ್ದುಪಡಿಗಳು ಬಂದವು. 13ನೆಯದು ಗುಲಾಮಗಿರಿಯನ್ನು ತೆಗೆಯಿತು. 14ನೆಯದು ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು, ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎಂದಿತು. 15ನೆಯದು ಬಣ್ಣದ ಕಾರಣಕ್ಕೆ ಮತದಾನದ ಹಕ್ಕು ಕಸಿಯುವಂತಿಲ್ಲ ಎಂದಿತು.

ಇಷ್ಟಾದ ಮೇಲೆ ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ದಕ್ಷಿಣದ ರಾಜ್ಯಗಳು ಸುತ್ತುದಾರಿ ಹುಡುಕಿಕೊಂಡವು. ಮತ ಹಾಕಲು ತೆರಿಗೆ ಕಟ್ಟಬೇಕು ಎಂದವು. ಓದುಬರಹದ ಪರೀಕ್ಷೆ ಇಟ್ಟವು. ಆ ಪರೀಕ್ಷೆಯಲ್ಲಿ ಯಾರು ಪಾಸು ಎಂದು ತೀರ್ಮಾನಿಸುವವರು ಬಿಳಿಯ ಅಧಿಕಾರಿಗಳು. ಇದರ ಜತೆಗೆ ಶಾಲೆ, ರೈಲು, ಉದ್ಯಾನ, ಕುಡಿಯುವ ನೀರಿನ ನಲ್ಲಿ ಎಲ್ಲವನ್ನೂ ಬಣ್ಣದ ಪ್ರಕಾರ ಬೇರೆ ಮಾಡುವ ಕಾನೂನುಗಳು ಬಂದವು. ಇವನ್ನು ಒಟ್ಟಾಗಿ ‘ಜಿಮ್ ಕ್ರೋ’ ಕಾನೂನುಗಳು ಎನ್ನುತ್ತಾರೆ.

1896ರಲ್ಲಿ ಹೋಮರ್ ಪ್ಲೆಸ್ಸಿ ಎಂಬಾತನ ರೈಲು ಪ್ರಯಾಣದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಲ್ಲ ಒಪ್ಪಿಗೆಯ ಮುದ್ರೆ ಒತ್ತಿತು. ಸೌಲಭ್ಯ ಸಮಾನವಾಗಿದ್ದರೆ ಸಾಕು, ಬೇರೆಬೇರೆಯಾಗಿ ಇಡಬಹುದು ಎಂಬುದು ಆ ತೀರ್ಪಿನ ಸಾರ. ಆದರೆ ಕೊಟ್ಟ ಸೌಲಭ್ಯ ಯಾವತ್ತೂ ಸಮಾನವಾಗಿರಲಿಲ್ಲ.

ಮತ ಹಾಕಲಾಗದವರಿಗೆ ನಗರಸಭೆಯಲ್ಲಿ ತಮ್ಮವರು ಇರುವುದಿಲ್ಲ. ಪೊಲೀಸರಲ್ಲಿ, ಜಡ್ಜುಗಳಲ್ಲಿ, ಜ್ಯೂರಿಯಲ್ಲಿ ಇರುವುದಿಲ್ಲ. ಚುನಾವಣೆಯಿಂದ ಕಾನೂನು ಬದಲಿಸುವ ದಾರಿಯೇ ಮುಚ್ಚಿಹೋಗಿರುತ್ತದೆ. ಉಳಿದ ದಾರಿಗಳು ಎರಡೇ: ದೂರದ ಕೇಂದ್ರ ಕೋರ್ಟು ಮತ್ತು ತಮ್ಮದೇ ಕೈಯಲ್ಲಿರುವ ಕಾಸು. ಮಾಂಟ್ಗೊಮರಿಯ ಜನ ಎರಡನ್ನೂ ಹಿಡಿದರು.

ಬಸ್ಸಿನೊಳಗಿನ ಗೆರೆ

ಮಾಂಟ್ಗೊಮರಿಯ ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ ಮೀಸಲು. ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಅವು ಖಾಲಿಯೇ ಇರಬೇಕು. ಹಿಂದಿನ 10 ಕಪ್ಪು ಜನರಿಗೆ. ಗಲಾಟೆಯೆಲ್ಲ ನಡುವಿನ 16ರದು. ನಮ್ಮ ಸಿಟಿ ಬಸ್ಸಿನಲ್ಲಿ ‘ಮಹಿಳೆಯರಿಗೆ’ ಎಂಬ ಬೋರ್ಡು ಒಂದು ಕಡೆ ಅಂಟಿಸಿದ್ದರೆ ಅಲ್ಲೇ ಇರುತ್ತದೆ. ಅದನ್ನು ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಕಿತ್ತು ಹಿಂದಕ್ಕೆ ಹಚ್ಚುತ್ತಾ ಹೋದರೆ ಹೇಗಿರುತ್ತದೆ ಎಂದು ಯೋಚಿಸಿ. ಅಲ್ಲಿ ಆಗುತ್ತಿದ್ದದ್ದು ಅದು. ಬಿಳಿಯರು ಹೆಚ್ಚು ಹತ್ತಿದಂತೆ ಗೆರೆ ಹಿಂದೆ ಸರಿಯುತ್ತಿತ್ತು. ಆಗಲೇ ಕೂತಿದ್ದ ಕಪ್ಪು ಪ್ರಯಾಣಿಕರು ಎದ್ದು ಹೋಗಬೇಕಿತ್ತು. ಒಬ್ಬ ಬಿಳಿಯನಿಗೆ ಒಂದು ಸೀಟು ಬೇಕಾದರೂ ಆ ಸಾಲಿನ ನಾಲ್ವರೂ ಏಳಬೇಕು. ಕಪ್ಪು ಮನುಷ್ಯನ ಪಕ್ಕದಲ್ಲಿ, ಸಾಲಿನ ಆಚೆ ತುದಿಯಲ್ಲಿ ಕೂಡ, ಬಿಳಿಯರು ಕೂರುವಂತಿರಲಿಲ್ಲ.

ಇನ್ನೊಂದು ಅವಮಾನವಿತ್ತು. ಮುಂಬಾಗಿಲಲ್ಲಿ ಹತ್ತಿ ಕಾಸು ಕೊಡಬೇಕು, ಮತ್ತೆ ಕೆಳಗಿಳಿದು ಹಿಂಬಾಗಿಲಲ್ಲಿ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟುಕೊಂಡು ಹೋದದ್ದೂ ಉಂಟು.

ಹೀಗೆ ನಡೆಸಿಕೊಳ್ಳುತ್ತಿದ್ದ ಕಂಪನಿಯ ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ. ಮನೆಗೆಲಸ, ಅಡುಗೆ, ತೋಟದ ಕೆಲಸಕ್ಕೆ ಊರಿನ ಆಚೆ ತುದಿಗೆ ಹೋಗಬೇಕಿದ್ದ ಅವರಿಗೆ ಬಸ್ಸೇ ಗತಿ. ಕಂಪನಿ ನಿಂತಿದ್ದದ್ದೂ ಅವರ ಕಾಸಿನ ಮೇಲೆ.

ರೋಸಾ ಪಾರ್ಕ್ಸ್‌ಗೆ ಕಾಲು ನೋಯುತ್ತಿತ್ತೇ?

1955ರ ಡಿಸೆಂಬರ್ 1, ಗುರುವಾರ ಸಂಜೆ. ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ 42ರ ರೋಸಾ ಪಾರ್ಕ್ಸ್ ನಡುವಿನ ಸೀಟಿನಲ್ಲಿ ಕೂತಿದ್ದರು. ಡ್ರೈವರ್ ಏಳಲು ಹೇಳಿದ. ಉಳಿದ ಮೂವರು ಎದ್ದರು, ಅವರು ಏಳಲಿಲ್ಲ. ಪೊಲೀಸರು ಬಂದು ಬಂಧಿಸಿದರು.

ದಣಿದ ಹೆಂಗಸೊಬ್ಬರು ಕಾಲುನೋವಿಗೆ ಕೂತೇ ಇದ್ದರು, ಅದರಿಂದ ಚಳವಳಿ ತಾನಾಗಿ ಹುಟ್ಟಿತು ಎಂದು ಶಾಲೆಯ ಪಾಠಗಳಲ್ಲಿ ಕತೆ ಓಡುತ್ತದೆ. ಈ ಕತೆ ಅವರಿಗೆ ಅನ್ಯಾಯ ಮಾಡುತ್ತದೆ. ಕಪ್ಪು ಜನರ ಹಕ್ಕುಗಳಿಗಾಗಿ ಕೋರ್ಟುಗಳಲ್ಲಿ ಹೋರಾಡುತ್ತಿದ್ದ ಎನ್‌ಎಎಸಿಪಿ ಎಂಬ ಸಂಘಟನೆಯ ಸ್ಥಳೀಯ ಶಾಖೆಗೆ ಅವರು ಕಾರ್ಯದರ್ಶಿಯಾಗಿದ್ದರು. 1940ರ ದಶಕದಿಂದಲೇ ಆ ಕೆಲಸದಲ್ಲಿದ್ದರು. ಬಂಧನಕ್ಕೆ ನಾಲ್ಕು ತಿಂಗಳ ಮುಂಚೆ ಟೆನ್ನೆಸೀ ರಾಜ್ಯದ ಹೈಲ್ಯಾಂಡರ್ ಶಾಲೆಯಲ್ಲಿ ನಡೆದ ತರಬೇತಿಗೂ ಹೋಗಿದ್ದರು. ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂತು ಕಲಿಯುತ್ತಿದ್ದ, ದಕ್ಷಿಣದಲ್ಲಿ ತೀರಾ ಅಪರೂಪದ ಜಾಗ ಅದು.

ಅವರೇ ಮೊದಲಿಗರೂ ಅಲ್ಲ. ಅದೇ ವರ್ಷದ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15ರ ಶಾಲಾ ಹುಡುಗಿ ಸೀಟು ಬಿಡದೆ ಜೈಲು ಸೇರಿದ್ದಳು. ಅಕ್ಟೋಬರ್‌ನಲ್ಲಿ 18ರ ಮೇರಿ ಲೂಯಿಸ್ ಸ್ಮಿತ್ ಬಂಧನಕ್ಕೊಳಗಾಗಿದ್ದಳು. ಕಾಲ್ವಿನ್‌ಳ ಬಂಧನದ ಹೊತ್ತಿಗೇ ಊರಿನ ಮುಖಂಡರು ಕೇಸು ಹಾಕಲು ಯೋಚಿಸಿದ್ದರು. ಹುಡುಗಿ ತೀರಾ ಚಿಕ್ಕವಳು, ಎದುರಾಳಿಗಳು ಅವಳ ಹೆಸರು ಕೆಡಿಸುತ್ತಾರೆ ಎಂದು ಹಿಂದೆ ಸರಿದರು. ಪಾರ್ಕ್ಸ್ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಹೋರಾಟಕ್ಕೆ ಯಾರ ಮುಖವನ್ನು ಮುಂದಿಡಬೇಕು ಎಂಬ ಈ ಲೆಕ್ಕಾಚಾರ ಕ್ರೂರ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ತಮ್ಮ ವಿರುದ್ಧವೇ ಇರುವ ಪತ್ರಿಕೆ, ತಮ್ಮ ವಿರುದ್ಧವೇ ಇರುವ ಕೋರ್ಟುಗಳ ಮುಂದೆ ನಿಲ್ಲಬೇಕಾದವರು ಮಾಡಿದ ಲೆಕ್ಕ ಅದು.

ಗುರುವಾರ ರಾತ್ರಿಯಿಂದ ಸೋಮವಾರದವರೆಗೆ

ಪಾರ್ಕ್ಸ್‌ರನ್ನು ಜಾಮೀನಿನ ಮೇಲೆ ಬಿಡಿಸಿದವರು ಇ.ಡಿ. ನಿಕ್ಸನ್. ರೈಲಿನ ಸ್ಲೀಪರ್ ಬೋಗಿಗಳಲ್ಲಿ ಕೆಲಸ ಮಾಡುವವರ ಯೂನಿಯನ್ ನಾಯಕ. ಅದೇ ರಾತ್ರಿ ಇನ್ನೊಂದು ಕಡೆ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಕೆಲಸಕ್ಕೆ ಇಳಿದಿದ್ದರು. ಅವರು ಮಹಿಳಾ ರಾಜಕೀಯ ಮಂಡಳಿಯ ಅಧ್ಯಕ್ಷೆ. ಬಸ್ಸುಗಳಲ್ಲಿ ಹೀಗೇ ನಡೆದರೆ ಬಹಿಷ್ಕಾರ ಆದೀತು ಎಂದು 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದವರು. ಅಂದರೆ ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲೇ ಯೋಜನೆಯ ಬೀಜ ಇತ್ತು.

ರಾಬಿನ್ಸನ್ ನಡುರಾತ್ರಿ ಕಾಲೇಜಿಗೆ ಹೋದರು. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ ಬೆಳಗಾಗುವುದರೊಳಗೆ ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು. ಸೋಮವಾರ ಯಾರೂ ಬಸ್ ಹತ್ತಬೇಡಿ ಎಂಬುದು ಅದರಲ್ಲಿದ್ದ ಕೋರಿಕೆ. ಶುಕ್ರವಾರ ಶಾಲೆ, ಅಂಗಡಿ, ಸಲೂನುಗಳಿಗೆ ಅವು ಹಂಚಿಹೋದವು. ಭಾನುವಾರ ಚರ್ಚುಗಳಲ್ಲಿ ಪಾದ್ರಿಗಳು ಹೇಳಿದರು. ಬಿಳಿಯರ ದಿನಪತ್ರಿಕೆ ಇದನ್ನು ಸುದ್ದಿ ಮಾಡಿದ್ದರಿಂದ, ಕರಪತ್ರ ಸಿಗದವರಿಗೂ ವಿಷಯ ಗೊತ್ತಾಯಿತು.

ಡಿಸೆಂಬರ್ 5, ಸೋಮವಾರ. ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಬೆಳಿಗ್ಗೆ ಕೋರ್ಟು ಪಾರ್ಕ್ಸ್‌ಗೆ 10 ಡಾಲರ್ ದಂಡ, 4 ಡಾಲರ್ ಖರ್ಚು ವಿಧಿಸಿತು. ಮಧ್ಯಾಹ್ನ ಮುಖಂಡರು ಸೇರಿ ‘ಮಾಂಟ್ಗೊಮರಿ ಇಂಪ್ರೂವ್‌ಮೆಂಟ್ ಅಸೋಸಿಯೇಷನ್’ ಕಟ್ಟಿದರು. ಅಧ್ಯಕ್ಷರಾಗಿ ಆರಿಸಿದ್ದು 26 ವರ್ಷದ ಒಬ್ಬ ಪಾದ್ರಿಯನ್ನು. ಅವರೇ ಮಾರ್ಟಿನ್ ಲೂಥರ್ ಕಿಂಗ್.

ಕಿಂಗ್ ಯಾಕೆ? ಅವರು ಊರಿಗೆ ಬಂದು ಬಹಳ ದಿನ ಆಗಿರಲಿಲ್ಲ. ಹಳೆಯ ಗುಂಪುಗಾರಿಕೆಯಲ್ಲಿ ಅವರು ಯಾರ ಕಡೆಯವರೂ ಅಲ್ಲ. ಅದಕ್ಕಿಂತ ದೊಡ್ಡ ಕಾರಣ ಸಂಬಳದ್ದು. ಬಿಳಿಯರ ಕೈಕೆಳಗೆ ದುಡಿಯುವವರು ಬಾಯಿಬಿಟ್ಟರೆ ಮಾರನೇ ದಿನ ಕೆಲಸ ಹೋಗುತ್ತಿತ್ತು. ಪಾದ್ರಿಗೆ ಸಂಬಳ ಕೊಡುವವರು ಚರ್ಚಿಗೆ ಬರುವ ಕಪ್ಪು ಜನರೇ. ಅವರನ್ನು ಹೊರಹಾಕುವುದು ಮೇಯರ್ ಕೈಯಲ್ಲಿಲ್ಲ. ಸಾವಿರಾರು ಜನ ಸೇರಬಲ್ಲ, ಯಾರ ಅಪ್ಪಣೆಯೂ ಬೇಡದ ಜಾಗ ಅಂದರೂ ಚರ್ಚೇ. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಇಷ್ಟೊಂದು ಪಾದ್ರಿಗಳು ಯಾಕಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಭಕ್ತಿಯಲ್ಲಿ ಎಷ್ಟಿದೆಯೋ ಈ ಸ್ವಾತಂತ್ರ್ಯದಲ್ಲೂ ಅಷ್ಟೇ ಇದೆ.

ಆ ರಾತ್ರಿ ಹೋಲ್ಟ್ ಸ್ಟ್ರೀಟ್ ಚರ್ಚಿನ ಒಳಗೂ ಹೊರಗೂ ಸಾವಿರಾರು ಜನ. ಒಂದು ದಿನದ ಬಹಿಷ್ಕಾರವನ್ನು ಮುಂದುವರಿಸಲು ನಿರ್ಧಾರವಾಯಿತು. ಬೇಡಿಕೆಗಳು ಅಚ್ಚರಿಯಾಗುವಷ್ಟು ಸಣ್ಣವು. ಮರ್ಯಾದೆಯಿಂದ ಮಾತನಾಡಬೇಕು. ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ಬಂದಂತೆ ಕೂರಲಿ, ಕೂತವರನ್ನು ಎಬ್ಬಿಸಬಾರದು. ಕಪ್ಪು ಜನರೇ ಜಾಸ್ತಿ ಇರುವ ಮಾರ್ಗಗಳಲ್ಲಿ ಕಪ್ಪು ಡ್ರೈವರುಗಳನ್ನು ನೇಮಿಸಬೇಕು. ಪ್ರತ್ಯೇಕತೆಯನ್ನೇ ತೆಗೆಯಿರಿ ಎಂದು ಆಗ ಅವರು ಕೇಳಿರಲೇ ಇಲ್ಲ. ಇಷ್ಟಕ್ಕೂ ನಗರ ಆಡಳಿತ ಒಪ್ಪಲಿಲ್ಲ.

ಬಸ್ ಬಿಟ್ಟರೆ ಕೆಲಸಕ್ಕೆ ಹೋಗುವುದು ಹೇಗೆ?

ಸುಮಾರು 40,000 ಜನ ದಿನಾ ಬೆಳಿಗ್ಗೆ ಕೆಲಸಕ್ಕೆ, ಶಾಲೆಗೆ ಹೋಗಬೇಕು, ಸಂಜೆ ಮನೆಗೆ ಬರಬೇಕು. ಎಂಥ ದೊಡ್ಡ ಆದರ್ಶವೂ ಈ ಸಮಸ್ಯೆಯನ್ನು ಬಗೆಹರಿಸದಿದ್ದರೆ ಒಂದು ವಾರದಲ್ಲಿ ಸೋಲುತ್ತದೆ.

ಮೊದಲು ಕಪ್ಪು ಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಅಂದರೆ ತಲೆಗೆ 10 ಸೆಂಟ್‌ಗೆ ಕರೆದೊಯ್ದವು. ಟ್ಯಾಕ್ಸಿಗೆ ಕನಿಷ್ಠ 45 ಸೆಂಟ್ ತೆಗೆದುಕೊಳ್ಳಲೇಬೇಕು ಎಂಬ ಹಳೆಯ ನಿಯಮ ತೋರಿಸಿ ನಗರ ಆಡಳಿತ ಅದನ್ನು ನಿಲ್ಲಿಸಿತು. ಆಗ ಕಿಂಗ್ ತಮ್ಮ ಗೆಳೆಯ ಟಿ.ಜೆ. ಜೆಮಿಸನ್‌ರನ್ನು ಕೇಳಿದರು. ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ 1953ರಲ್ಲಿ ಒಂದು ಸಣ್ಣ ಬಸ್ ಬಹಿಷ್ಕಾರ ನಡೆಸಿದ್ದ ಪಾದ್ರಿ ಅವರು. ಸ್ವಂತ ಕಾರುಗಳನ್ನು ಸೇರಿಸಿ ಓಡಿಸುವ ಉಪಾಯ ಅಲ್ಲಿಂದ ಬಂತು.

ಬರಬರುತ್ತಾ ಸುಮಾರು 300 ಕಾರುಗಳು ಸೇರಿದವು. ಊರಲ್ಲಿ 40ಕ್ಕೂ ಹೆಚ್ಚು ಕಡೆ ಹತ್ತುವ ಜಾಗ ಗೊತ್ತುಮಾಡಿದರು. ಪೇಟೆಯ ನಡುವೆ ಕಪ್ಪು ಜನರದ್ದೇ ಆದ ಪಾರ್ಕಿಂಗ್ ಜಾಗ ದೊಡ್ಡ ನಿಲ್ದಾಣವಾಯಿತು. ಒಂದು ಔಷಧದ ಅಂಗಡಿಯಿಂದ ಯಾವ ಕಾರು ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದರು. ಚರ್ಚುಗಳು ಸ್ಟೇಷನ್ ವ್ಯಾಗನ್‌ಗಳನ್ನು ಕೊಂಡು ತಮ್ಮ ಹೆಸರಿನಲ್ಲೇ ನೋಂದಾಯಿಸಿದವು. ಜನ ಅವನ್ನು ‘ಓಡಾಡುವ ಚರ್ಚುಗಳು’ ಎಂದು ಕರೆದರು. ಕಾರು ಸಿಗದವರು ಮೈಲಿಗಟ್ಟಲೆ ನಡೆದರು. ಕೆಲವು ಬಿಳಿಯ ಗೃಹಿಣಿಯರು ತಮ್ಮ ಮನೆಗೆಲಸದವರನ್ನು ತಾವೇ ಕಾರಿನಲ್ಲಿ ಕರೆತರುತ್ತಿದ್ದರು. ಹಾಗೆ ಮಾಡಬೇಡಿ ಎಂದು ಮೇಯರ್ ಬಹಿರಂಗವಾಗಿ ಹೇಳಬೇಕಾಯಿತು. ಅಡುಗೆಯವಳು ಬರದಿದ್ದರೆ ಮನೆ ನಡೆಯುವುದಿಲ್ಲ ಎಂಬುದು ಆ ಗೃಹಿಣಿಯರಿಗೆ ಮೇಯರ್‌ಗಿಂತ ಚೆನ್ನಾಗಿ ಗೊತ್ತಿತ್ತು.

ಪೆಟ್ರೋಲಿಗೆ ದುಡ್ಡು? ವಾರಕ್ಕೆ ಎರಡು ಸಲ ಚರ್ಚುಗಳಲ್ಲಿ ಸಭೆ, ಅಲ್ಲಿ ಸಂಗ್ರಹ. ಆಮೇಲೆ ದೇಶದ ಬೇರೆ ಕಡೆಗಳಿಂದ, ಹೊರದೇಶಗಳಿಂದಲೂ ಬಂತು. ಆದರೆ ನನಗೆ ತುಂಬಾ ಇಷ್ಟವಾಗುವ ಹೆಸರು ಜಾರ್ಜಿಯಾ ಗಿಲ್ಮೋರ್. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವರು ಕೆಲವು ಹೆಂಗಸರನ್ನು ಸೇರಿಸಿ ಕೇಕು, ಗೆಣಸಿನ ಪೈ, ಕರಿದ ಕೋಳಿಯ ಸ್ಯಾಂಡ್‌ವಿಚ್ ಮಾಡಿ ಮಾರಿದರು. ಬಂದ ಹಣವನ್ನು ಪ್ರತಿ ಸಭೆಯಲ್ಲಿ ತಂದು ಕೊಡುತ್ತಿದ್ದರು. ಗುಂಪಿನ ಹೆಸರು ‘ಎಲ್ಲಿಂದಲೂ ಅಲ್ಲದ ಕ್ಲಬ್’. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದು ನಿಜವನ್ನೇ ಹೇಳಿದ ಹಾಗಾಯಿತು, ಕೊಟ್ಟವರ ಕೆಲಸವೂ ಉಳಿಯಿತು. ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ನಡೆದ ವಿಚಾರಣೆಯಲ್ಲಿ ಬಸ್ ಡ್ರೈವರುಗಳ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಕೆಲಸ ಹೋಯಿತು. ಅವರು ಮನೆಯಲ್ಲೇ ಅಡುಗೆ ಶುರು ಮಾಡಿದರು.

ಎದುರೇಟು

1956ರ ಜನವರಿ ಕೊನೆಯಲ್ಲಿ, 25 ಮೈಲಿ ಮಿತಿ ಇದ್ದಲ್ಲಿ 30ರ ವೇಗದಲ್ಲಿ ಕಾರು ಓಡಿಸಿದರೆಂದು ಕಿಂಗ್‌ರನ್ನು ಜೈಲಿಗೆ ಹಾಕಿದರು. ಜನವರಿ 30ರಂದು ಅವರ ಮನೆಗೆ ಬಾಂಬ್ ಬಿತ್ತು. ಹೆಂಡತಿ, ಹಸುಗೂಸು ಒಳಗಿದ್ದರು, ಹೇಗೋ ಪಾರಾದರು. ಎರಡು ದಿನದ ಮೇಲೆ ನಿಕ್ಸನ್ ಮನೆಗೂ ಬಿತ್ತು. ಫೆಬ್ರವರಿಯಲ್ಲಿ, ಬಹಿಷ್ಕಾರಗಳನ್ನು ನಿಷೇಧಿಸುವ 1921ರ ಕಾನೂನೊಂದನ್ನು ಹೊರತೆಗೆದು 80ಕ್ಕೂ ಹೆಚ್ಚು ಜನರ ಮೇಲೆ ಆರೋಪ ಹೊರಿಸಿದರು. ಪೊಲೀಸರು ಹುಡುಕಿಕೊಂಡು ಬರುವ ಮೊದಲೇ ಹಲವರು ತಾವಾಗಿ ಹೋಗಿ ಬಂಧನಕ್ಕೆ ಒಳಗಾದರು. ಹೆದರಿಸಲೆಂದು ಮಾಡಿದ ಕೆಲಸ ಉಲ್ಟಾ ಹೊಡೆಯಿತು, ದೇಶದ ಪತ್ರಿಕೆಗಳೆಲ್ಲ ಮಾಂಟ್ಗೊಮರಿಗೆ ಬಂದವು.

ಕಾರುಗಳ ವಿಮೆಯನ್ನೂ ರದ್ದು ಮಾಡಿಸಿದರು. ಕೊನೆಗೆ ಲಂಡನ್‌ನ ಲಾಯ್ಡ್ಸ್ ಮೂಲಕ ವಿಮೆ ಸಿಕ್ಕಿತು.

ಇನ್ನೊಂದು ಸಂಗತಿ ಗಮನಿಸಬೇಕು. ಏಪ್ರಿಲ್‌ನಲ್ಲಿ ಬಸ್ ಕಂಪನಿಯೇ ಪ್ರತ್ಯೇಕ ಸೀಟುಗಳನ್ನು ಬಿಡಲು ಮುಂದಾಯಿತು. ನಗರ ಆಡಳಿತ ರಾಜ್ಯದ ಕೋರ್ಟಿಗೆ ಹೋಗಿ ಅದನ್ನು ತಡೆಯಿತು. ಬಹಿಷ್ಕಾರಕ್ಕೆ ವ್ಯಾಪಾರಿಯನ್ನು ಬಗ್ಗಿಸುವ ಶಕ್ತಿ ಇದೆ. ಮತಕ್ಕೆ ಹೆದರಬೇಕಿಲ್ಲದ ಅಧಿಕಾರಸ್ಥರನ್ನು ಅದೊಂದೇ ಬಗ್ಗಿಸಲಾರದು.

ಕೋರ್ಟಿನ ದಾರಿ

ಪಾರ್ಕ್ಸ್ ಪ್ರಕರಣ ನಡೆಯುತ್ತಿದ್ದದ್ದು ರಾಜ್ಯದ ಕೋರ್ಟುಗಳಲ್ಲಿ. ಅಲ್ಲಿ ಮೇಲ್ಮನವಿಯನ್ನು ಎಷ್ಟು ವರ್ಷ ಬೇಕಾದರೂ ಎಳೆಯಬಹುದಿತ್ತು. ಅಮೆರಿಕದಲ್ಲಿ ಇದರ ಪಕ್ಕದಲ್ಲೇ ಕೇಂದ್ರದ ಕೋರ್ಟುಗಳು ಬೇರೆಯಾಗಿವೆ. ರಾಜ್ಯದ ಕಾನೂನು ದೇಶದ ಸಂವಿಧಾನಕ್ಕೆ ವಿರುದ್ಧವಾಗಿದೆ ಎಂದು ನೇರವಾಗಿ ಅಲ್ಲಿ ಕೇಳಬಹುದು. ಯುವ ವಕೀಲ ಫ್ರೆಡ್ ಗ್ರೇ ಆ ದಾರಿ ಹಿಡಿದರು. ಫೆಬ್ರವರಿ 1ರಂದು ‘ಬ್ರೌಡರ್ ವಿರುದ್ಧ ಗೇಲ್’ ಪ್ರಕರಣ ದಾಖಲಾಯಿತು. ಗೇಲ್ ಅಂದರೆ ಮೇಯರ್. ಕೊನೆಯವರೆಗೂ ನಿಂತವರು ನಾಲ್ವರು ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮತ್ತು ಆ ಇಬ್ಬರು ಹುಡುಗಿಯರು, ಸ್ಮಿತ್ ಮತ್ತು ಕಾಲ್ವಿನ್. ಪಾರ್ಕ್ಸ್ ಹೆಸರು ಈ ಪ್ರಕರಣದಲ್ಲಿ ಇಲ್ಲ.

ವಾದ ನಿಂತದ್ದು 14ನೇ ತಿದ್ದುಪಡಿಯ ಮೇಲೆ. 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಪ್ರತ್ಯೇಕತೆ ಸಲ್ಲದು ಎಂದಿತ್ತು. ಶಾಲೆಗೆ ಸಲ್ಲದ್ದು ಬಸ್ಸಿಗೆ ಸಲ್ಲುವುದು ಹೇಗೆ ಎಂಬುದು ಗ್ರೇ ಪ್ರಶ್ನೆ. ಜೂನ್‌ನಲ್ಲಿ ಮೂವರು ಜಡ್ಜುಗಳ ಪೀಠ ಇಬ್ಬರು ಪರ, ಒಬ್ಬರು ವಿರುದ್ಧ ಎಂಬ ಬಹುಮತದಿಂದ ಅದನ್ನು ಒಪ್ಪಿತು. ನಗರ ಆಡಳಿತ ಸುಪ್ರೀಂ ಕೋರ್ಟಿಗೆ ಹೋಯಿತು.

ನವೆಂಬರ್ 13ರಂದು ಕಿಂಗ್ ಮಾಂಟ್ಗೊಮರಿಯ ಕೋರ್ಟಿನಲ್ಲಿ ಕೂತಿದ್ದರು. ಕಾರುಗಳ ವ್ಯವಸ್ಥೆಯನ್ನೇ ನಿಲ್ಲಿಸಲು ನಗರ ಆಡಳಿತ ಕೇಳಿತ್ತು, ಜಡ್ಜು ಒಪ್ಪುವುದು ಖಚಿತವಾಗಿತ್ತು. ಆ ಹೊತ್ತಿಗೇ ವಾಷಿಂಗ್ಟನ್‌ನಿಂದ ಸುದ್ದಿ ಬಂತು. ಸುಪ್ರೀಂ ಕೋರ್ಟ್ ಕೆಳಗಿನ ತೀರ್ಪನ್ನು ಎತ್ತಿಹಿಡಿದಿತ್ತು. ಇತ್ತ ಮಾಂಟ್ಗೊಮರಿಯ ಜಡ್ಜಿನ ಆದೇಶದಿಂದ ಕಾರುಗಳು ನಿಂತವು. ಆದರೂ ಆದೇಶದ ಪ್ರತಿ ಕೈಗೆ ಬರುವವರೆಗೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಜನ ನಡೆದರು. ಡಿಸೆಂಬರ್ 20ರಂದು ಆದೇಶ ಬಂತು. 381 ದಿನಗಳ ಬಹಿಷ್ಕಾರ ಮುಗಿದು, ಮಾರನೇ ದಿನ ಅವರು ಬಸ್ ಹತ್ತಿ ಮುಂದಿನ ಸೀಟುಗಳಲ್ಲಿ ಕೂತರು.

ಹಾಗಾದರೆ ಗೆದ್ದದ್ದು ಕೇಸು, ಬಹಿಷ್ಕಾರ ಯಾಕೆ ಬೇಕಿತ್ತು? ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಬ್ರೌನ್ ತೀರ್ಪನ್ನೇ ನೋಡಬೇಕು. 1954ರಲ್ಲಿ ಅದು ಬಂದರೂ ಅಲಬಾಮಾದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಕೂತದ್ದು 1963ರಲ್ಲಿ. ಬರೀ ತೀರ್ಪನ್ನು ಮುಂದೂಡುತ್ತಾ ಹೋಗಬಹುದು. ಮಾಂಟ್ಗೊಮರಿಯಲ್ಲಿ ತೀರ್ಪು ಬಂದ ದಿನವೇ ಅದನ್ನು ಬಳಸಲು 40,000 ಜನ ಸಿದ್ಧರಾಗಿದ್ದರು, ಕಂಪನಿಗೆ ಅವರು ಬೇಕಾಗಿದ್ದರು, ದೇಶ ನೋಡುತ್ತಿತ್ತು.

ಕಾಗೋಡಿನಿಂದ ಹೈಲ್ಯಾಂಡರ್‌ಗೆ

ಈ ಚಳವಳಿಯಲ್ಲಿ ಗಾಂಧಿಯ ಪ್ರಭಾವ ಎಲ್ಲರಿಗೂ ಗೊತ್ತು. ಆದರೆ ಶುರುವಿನಲ್ಲಿ ಕಿಂಗ್ ಮನೆಗೆ ಬಂದೂಕು ಹಿಡಿದ ಕಾವಲಿತ್ತು. 1956ರ ಫೆಬ್ರವರಿಯಲ್ಲಿ ಬಂದ ಬೇಯಾರ್ಡ್ ರಸ್ಟಿನ್ ಎಂಬ ಹಿರಿಯ ಹೋರಾಟಗಾರರು ಅಹಿಂಸೆ ಅಂದರೆ ಬಂದೂಕನ್ನೂ ಬಿಡುವುದು ಎಂದು ಮನವರಿಕೆ ಮಾಡಿಕೊಟ್ಟರು. ರಸ್ಟಿನ್ ಅದಕ್ಕೂ ಮೊದಲು ಭಾರತಕ್ಕೆ ಬಂದು ಗಾಂಧಿಯವರ ಸಂಗಡಿಗರಿಂದ ಕಲಿತು ಹೋಗಿದ್ದವರು.

ಕನ್ನಡ ನೆಲದಿಂದಲೂ ಒಂದು ಎಳೆ ಇದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದೇ ವರ್ಷ ಅವರು ಅಮೆರಿಕಕ್ಕೆ ಹೋದರು. ಅಲ್ಲಿನ ಕಪ್ಪು ಜನರ ಜತೆ ಕಾನೂನುಭಂಗದ ಹೋರಾಟದ ಬಗ್ಗೆ ಮಾತಾಡಿದರು, ಹೈಲ್ಯಾಂಡರ್ ಶಾಲೆಗೂ ಹೋದರು. ರೋಸಾ ಪಾರ್ಕ್ಸ್ ಅಲ್ಲಿಗೆ ಹೋದದ್ದು ನಾಲ್ಕು ವರ್ಷಗಳ ಮೇಲೆ. 1964ರ ಮೇ ತಿಂಗಳಲ್ಲಿ ಮಿಸಿಸಿಪಿಯ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಎಂದಿದ್ದ ಕ್ಯಾಫೆಟೀರಿಯಾಕ್ಕೆ ಹೋಗಿ ಲೋಹಿಯಾ ತಾವೇ ಬಂಧನಕ್ಕೊಳಗಾದರು. ಅಮೆರಿಕ ಸರ್ಕಾರ ಕ್ಷಮೆ ಕೇಳಬೇಕಾಯಿತು.

ಆಮೇಲೆ

ಗೆಲುವು ಶಾಂತವಾಗಿರಲಿಲ್ಲ. ಬಸ್ಸುಗಳ ಮೇಲೆ ಗುಂಡು ಹಾರಿದವು, ಗರ್ಭಿಣಿಯೊಬ್ಬರ ಕಾಲಿಗೆ ತಗುಲಿತು. 1957ರ ಜನವರಿ 10ರಂದು ಚರ್ಚುಗಳಿಗೆ ಬಾಂಬ್ ಬಿತ್ತು. ಬಹಿಷ್ಕಾರದ ನಡುವೆಯೇ ಕೆಲಸ ಕಳೆದುಕೊಂಡಿದ್ದ ಪಾರ್ಕ್ಸ್ ಅದೇ ವರ್ಷ ಊರು ಬಿಟ್ಟು ಡೆಟ್ರಾಯಿಟ್‌ಗೆ ಹೋದರು.

ವಿಧಾನ ಮಾತ್ರ ಹರಡಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ವಿದ್ಯಾರ್ಥಿಗಳು ಬಿಳಿಯರ ಊಟದ ಕೌಂಟರಿನಲ್ಲಿ ಕೂತರು. 1961ರಲ್ಲಿ ‘ಫ್ರೀಡಂ ರೈಡರ್’ಗಳು, ಅಂದರೆ ಕಪ್ಪು ಮತ್ತು ಬಿಳಿಯ ಹೋರಾಟಗಾರರು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಬಸ್ಸುಗಳಲ್ಲಿ ಪ್ರತ್ಯೇಕತೆಯನ್ನು ಮುರಿಯಲು ಒಟ್ಟಿಗೆ ಹೊರಟರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. ಆ ದೊಡ್ಡ ಸಭೆಯ ಊಟ, ನೀರು, ಬಸ್ಸುಗಳ ಲೆಕ್ಕವನ್ನೆಲ್ಲ ನೋಡಿಕೊಂಡವರು ಅದೇ ರಸ್ಟಿನ್. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದವು. ಅದೇ 1965ರ ಅಕ್ಟೋಬರ್‌ನಲ್ಲಿ ಹುಟ್ಟಿದ ದೇಶ ನೋಡಿ ವಲಸಿಗರಿಗೆ ಪಾಲು ಹಂಚುವ ಪದ್ಧತಿಯೂ ಹೋಯಿತು. ಅದಕ್ಕೆ ಮುಂಚೆ ಭಾರತಕ್ಕೆ ಸಿಗುತ್ತಿದ್ದ ಪಾಲು ವರ್ಷಕ್ಕೆ ನೂರು ಜನ. ನಮ್ಮ ಡಾಕ್ಟರುಗಳು, ಎಂಜಿನಿಯರುಗಳು ಅಮೆರಿಕಕ್ಕೆ ಹೆಚ್ಚಾಗಿ ಹೋಗಲು ಶುರುವಾದದ್ದು ಅದಾದ ಮೇಲೆ.

ಕ್ಲಾಡೆಟ್ ಕಾಲ್ವಿನ್ ನ್ಯೂಯಾರ್ಕಿಗೆ ಹೋಗಿ ವೃದ್ಧರ ಆರೈಕೆಯ ಮನೆಯಲ್ಲಿ ಬಹಳ ವರ್ಷ ಸಹಾಯಕಿಯಾಗಿ ದುಡಿದರು. ಪೊಲೀಸರ ಮೇಲೆ ಕೈಮಾಡಿದಳು ಎಂದು 15ನೇ ವಯಸ್ಸಿನಲ್ಲಿ ಅವರ ಮೇಲೆ ಬಿದ್ದಿದ್ದ ಶಿಕ್ಷೆಯ ದಾಖಲೆ ಹಾಗೇ ಉಳಿದಿತ್ತು. 2021ರಲ್ಲಿ ಅದನ್ನು ಅಳಿಸಿಹಾಕಲು ಅವರೇ ಅರ್ಜಿ ಕೊಟ್ಟರು. ಮಾಂಟ್ಗೊಮರಿಯ ಬಾಲ ನ್ಯಾಯಾಲಯದ ಕಪ್ಪು ಜಡ್ಜೊಬ್ಬರು ಆ ಅರ್ಜಿಯನ್ನು ಒಪ್ಪಿದಾಗ ಅವರಿಗೆ 82 ವರ್ಷ.